ಹೊಳೆ ಇಳಿದ ಮೇಲೆ ಹಂಪಿಯಲ್ಲಿ ಕಾಲ್ನಡಿಗೆ

ಮಳೆಗಾಲ ಬಲಿತು ತುಂಗಭದ್ರಾ ಅಣೆಕಟ್ಟೆಯ ಗೇಟುಗಳು ತೆರೆದವೆಂದರೆ ಮರುದಿನದ ಪತ್ರಿಕೆಗಳಲ್ಲಿ ಒಂದು ಚಿತ್ರ ತಪ್ಪದೆ ಅಚ್ಚಾಗುತ್ತದೆ. ಕೆಂಬಣ್ಣದ ನೀರಿನ ನಡುವೆ ಕಲ್ಲಿನ ಮಂಟಪವೊಂದರ ಚಾವಣಿ ಮಾತ್ರ ತೇಲಿದಂತೆ ಕಾಣುವ ಚಿತ್ರ. ಕೆಳಗೆ, ಹಂಪಿಯ ಪುರಂದರದಾಸರ ಮಂಟಪ ಜಲಾವೃತ ಎಂದು ಒಂದು ಸಾಲು. ಅದನ್ನು ನೋಡಿದ ಬೆಂಗಳೂರಿನ ಓದುಗ ಅಯ್ಯೋ ಎಂದುಕೊಳ್ಳುತ್ತಾನೆ; ಮುಂದಿನ ವಾರದ ರಜೆಗೆಂದು ಕಾದಿರಿಸಿದ್ದ ರೈಲಿನ ಟಿಕೆಟನ್ನು ರದ್ದು ಮಾಡುತ್ತಾನೆ. ಹಂಪಿಯೇ ಮುಳುಗಿದ ಮೇಲೆ ಹೋಗಿ ನೋಡುವುದೇನನ್ನು?

ಮುಳುಗಿದ್ದು ಹಂಪಿಯಲ್ಲ, ಹಂಪಿಯ ಅಂಚು. ಯುನೆಸ್ಕೊ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಈ ನೆಲೆಯ ಹರಹು 4,187 ಹೆಕ್ಟೇರ್. ಅದರಲ್ಲಿ ಉಳಿದಿರುವ ಅವಶೇಷಗಳು 1,600ಕ್ಕೂ ಮಿಕ್ಕಿ. ಹೊಳೆ ಉಕ್ಕಿದಾಗ ನೀರಿಗೆ ಸಿಗುವುದು ದಡದ ಕೆಲವು ಮಂಟಪ, ಸೋಪಾನ, ಗುಡಿಗಳು ಮಾತ್ರ. ವಿರೂಪಾಕ್ಷನ ಗೋಪುರ, ಹೇಮಕೂಟ, ಅಚ್ಯುತರಾಯನ ಗುಡಿ, ವಿಠ್ಠಲನ ಕಲ್ಲಿನ ರಥ, ಕಮಲಾಪುರದ ಕಡೆಯ ಅರಮನೆಯ ನೆಲಗಟ್ಟುಗಳು ನೀರಿನ ಮೇಲೆಯೇ ಇರುತ್ತವೆ. ಆದರೆ ಪತ್ರಿಕೆಯ ಚಿತ್ರಕ್ಕೆ ಅಂಚೇ ಊರಾಗುತ್ತದೆ. ಚಿತ್ರ ಹಾಕುವವರು ನಾವೇ ಆದ್ದರಿಂದ ಉಳಿದ ಊರಿನ ಕಥೆ ಹೇಳುವ ಕೆಲಸವೂ ನಮ್ಮದೇ.

ಪಶ್ಚಿಮ ಬೆಂಗಳೂರಿನವರಿಗೆ ಹಂಪಿ ತೀರ ದೂರದ ಊರೂ ಅಲ್ಲ. ವಿಜಯನಗರ ಬಡಾವಣೆಗೆ ಹೆಸರು ಬಂದದ್ದೇ ಆ ಸಾಮ್ರಾಜ್ಯದಿಂದ. ಅದರ ಮಗ್ಗುಲಿಗೆ ಹಂಪಿನಗರವೂ ಇದೆ. ಮೈಸೂರಿನಿಂದ ಹೊರಟು ಕೆಂಗೇರಿ ಹಾದು ಬರುವ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಹೊಸಪೇಟೆ ಮುಟ್ಟಿಸುತ್ತದೆ. ಅಲ್ಲಿಂದ ಹದಿಮೂರು ಕಿಲೋಮೀಟರ್. ಒಂದು ತಟ್ಟೆ ವಗ್ಗಾಣಿ, ಎರಡು ಮಿರ್ಚಿ ತಿಂದು ಬಸ್ಸು ಹತ್ತಿದರೆ ಬಿಸಿಲೇರುವ ಮೊದಲೇ ರಥಬೀದಿಯಲ್ಲಿರಬಹುದು.

ಬಿಸಿಲಲ್ಲಿ ಬರುವ ಪ್ರವಾಹ

ಹಂಪಿಯ ಪ್ರವಾಹದಲ್ಲಿ ಹೊಸಬರನ್ನು ಬೆರಗುಗೊಳಿಸುವುದು ಅದರ ಹೊತ್ತು. ಮೇಲೆ ಶುಭ್ರ ಆಕಾಶ, ಸುಡುಬಿಸಿಲು, ನೆಲದಲ್ಲಿ ಧೂಳು. ಹೊಳೆ ಮಾತ್ರ ಎರಡೂ ದಡ ತುಂಬಿ ಭೋರ್ಗರೆಯುತ್ತಿರುತ್ತದೆ. ಕಾರಣ ಸರಳ. ಹಂಪಿ ಇರುವುದು ಮಳೆ ಕಡಿಮೆಯ ಬಯಲುಸೀಮೆಯಲ್ಲಿ. ನೀರು ಬರುವುದು ಮಲೆನಾಡಿನಿಂದ. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ತುಂಗಾ ಮತ್ತು ಭದ್ರಾ ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಒಂದಾಗಿ ಇತ್ತ ಹರಿಯುತ್ತವೆ. ಶೃಂಗೇರಿ, ತೀರ್ಥಹಳ್ಳಿಗಳಲ್ಲಿ ವಾರದ ಹಿಂದೆ ಸುರಿದ ಮಳೆ ಹಂಪಿಯಲ್ಲಿ ಇಂದು ಹೊಳೆಯಾಗುತ್ತದೆ. ಆ ಕಡೆಯವರು ಪ್ರವಾಹ ಎಂಬ ದೊಡ್ಡ ಮಾತನ್ನು ಆಡುವುದೂ ಕಡಿಮೆ. 'ಹೊಳಿ ಬಂತು' ಎನ್ನುತ್ತಾರೆ, ಮನೆಗೆ ನೆಂಟರು ಬಂದರೆಂದು ಹೇಳುವ ಹಾಗೆ.

ಈ ನೆಂಟರ ಬರವು ಹೋಗುವಿಕೆ 1953ರ ನಂತರ ಬದಲಾಯಿತು. ಹೊಸಪೇಟೆಯ ಆಚೆ ಬದಿಯಲ್ಲಿ ತುಂಗಭದ್ರಾ ಅಣೆಕಟ್ಟು ಎದ್ದ ಮೇಲೆ ಹೊಳೆ ವರ್ಷದ ಬಹುಪಾಲು ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತದೆ. ಜಲಾಶಯ ತುಂಬಿ 33 ಗೇಟುಗಳು ತೆರೆದಾಗ ಮಾತ್ರ ಒಮ್ಮೆಲೇ ಉಕ್ಕುತ್ತದೆ. ಅಣೆಕಟ್ಟು ಕಟ್ಟಿದಾಗ ಅದರಲ್ಲಿ ಹಿಡಿಸುತ್ತಿದ್ದ ನೀರು ಸುಮಾರು 132 ಟಿಎಂಸಿ ಅಡಿ. ಹೂಳು ತುಂಬಿ ಈಗ ಲೆಕ್ಕಕ್ಕೆ ಸಿಗುವುದು 105 ಚಿಲ್ಲರೆ. ಪಾತ್ರೆ ಚಿಕ್ಕದಾದಷ್ಟೂ ಬೇಗ ಚೆಲ್ಲುತ್ತದೆ.

ಬಿಡುವ ನೀರಿನ ಪ್ರಮಾಣ ಲಕ್ಷ ಕ್ಯುಸೆಕ್‌ನ ಆಸುಪಾಸಿಗೆ ಬಂದರೆ ಪುರಂದರ ಮಂಟಪ ಮುಳುಗಿತೆಂದೇ ಲೆಕ್ಕ. ಪತ್ರಿಕೆಯಲ್ಲಿ ಕ್ಯುಸೆಕ್ ಎಂದು ಓದಿ ಮುಂದಕ್ಕೆ ಹೋಗುತ್ತೇವೆ, ಅದೆಷ್ಟು ನೀರು? ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗೆ ತುಸು ಹೆಚ್ಚು. ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರು. ಬೇಸಿಗೆಯಲ್ಲಿ ನಮ್ಮ ಬೀದಿಗಳಿಗೆ ಬರುವ ಆರು ಸಾವಿರ ಲೀಟರಿನ ಟ್ಯಾಂಕರ್ ಲಾರಿಗಳ ಲೆಕ್ಕದಲ್ಲಿ ಹೇಳುವುದಾದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ನಾನೂರ ಎಪ್ಪತ್ತು ಟ್ಯಾಂಕರ್ ನೀರು ನಿಮ್ಮೆದುರು ಹಾದುಹೋಗುತ್ತದೆ. ಮರು ಸೆಕೆಂಡಿಗೆ ಮತ್ತೆ ಅಷ್ಟೇ.

ಹೀಗೆ ಬಂದ ಹೊಳೆಗಳಲ್ಲಿ ಮೂರನ್ನು ಮರೆಯುವಂತಿಲ್ಲ. ಮೊದಲನೆಯದು 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳದ್ದು. ಅದು ಮಲೆನಾಡಿನ ಮುಂಗಾರಿನ ನೀರಲ್ಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಒಳನಾಡಿಗೆ ನುಗ್ಗಿ ಉತ್ತರ ಕರ್ನಾಟಕದ ಮೇಲೆ ಸುರಿಸಿದ್ದು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹೊಳೆಯ ಕೆಳಗಿನ ಮಂತ್ರಾಲಯ, ಕರ್ನೂಲುಗಳು ಮುಳುಗಿದವು. ಎರಡನೆಯದು 2019ರ ಆಗಸ್ಟ್. ಹಂಪಿಯ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯಲ್ಲಿ ದೇಶವಿದೇಶಗಳ ನೂರಾರು ಪ್ರವಾಸಿಗರು ಸಿಕ್ಕಿಕೊಂಡು, ದೋಣಿ ಮತ್ತು ಹೆಲಿಕಾಪ್ಟರುಗಳಲ್ಲಿ ಅವರನ್ನು ಹೊರತರಬೇಕಾಯಿತು. (ಆ ಗಡ್ಡೆಯ ಅನಧಿಕೃತ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಕೆಡವಲಾಯಿತು.) ಮೂರನೆಯದು 2024ರದ್ದು. ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ತಾತ್ಕಾಲಿಕ ತಡೆಗಳನ್ನು ಒಂದರ ಮೇಲೊಂದು ಇಳಿಸಿ ಆಗಸ್ಟ್ 16 ಮತ್ತು 17ರಂದು ಆ ಬಾಯಿ ಮುಚ್ಚಿದರು. ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂಬ ತೀರ್ಮಾನ ಹುಟ್ಟಿದ್ದು ಆ ವಾರದ ಆತಂಕದಿಂದ.

ಎರಡು ದಾರಿ

ಹೊಳೆ ಇಳಿದ ಮೇಲೆ ಹಂಪಿಯನ್ನು ನೋಡಲು ಕಾರು, ಆಟೊ ಎರಡೂ ಹೆಚ್ಚು ಉಪಯೋಗಕ್ಕೆ ಬಾರವು. ವಿರೂಪಾಕ್ಷನಿಂದ ವಿಠ್ಠಲನವರೆಗಿನ ನದಿದಂಡೆಯ ಹಾದಿ ಹುಟ್ಟಿದಂದಿನಿಂದಲೂ ಕಾಲಿನ ಹಾದಿ. ರಸ್ತೆಯಲ್ಲಿ ಹೋಗುವವರು ಕಮಲಾಪುರ ಸುತ್ತಿ ವಿಠ್ಠಲನ ಬಾಗಿಲಿಗೆ ಇಳಿಯುತ್ತಾರೆ; ಊರಿನ ಹೂರಣ ಅವರಿಗೆ ತಪ್ಪಿಹೋಗುತ್ತದೆ. ನಡೆಯುವವರಿಗೆ ಎದುರು ಬಸವಣ್ಣನಿಂದ ವಿಠ್ಠಲನಿಗೆ ಸುಮಾರು ಎರಡು ಕಿಲೋಮೀಟರ್. ನೋಡುತ್ತ ಹೋದರೆ ಅರ್ಧ ದಿನ.

ಮೊದಲು ಹೇಮಕೂಟ ಹತ್ತಬೇಕು. ಹತ್ತಬೇಕೆಂದರೆ ಬೆಟ್ಟವೇನಲ್ಲ, ಹಾಸುಬಂಡೆಯ ದಿಬ್ಬ. ಮೇಲೆ ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಶಿಖರದ ಪುಟ್ಟ ಗುಡಿಗಳಿವೆ. ಅವುಗಳಲ್ಲಿ ಹಲವು ವಿಜಯನಗರಕ್ಕಿಂತ ಹಳೆಯವು. ಅಲ್ಲಿ ನಿಂತು ಕೆಳಗೆ ನೋಡಿದರೆ ಊರು ಕಟ್ಟಿದವರ ಅಂದಾಜು ತಿಳಿಯುತ್ತದೆ. ದೇವರು ಎತ್ತರದಲ್ಲಿ, ಇಲ್ಲವೆ ಗಟ್ಟಿ ಬಂಡೆಯ ಮೇಲೆ. ನೂರೈವತ್ತು ಅಡಿ ಮೀರಿದ ವಿರೂಪಾಕ್ಷನ ಗೋಪುರ ಹೊಳೆಗೆ ಹತ್ತಿರವಿದ್ದರೂ ನಿಂತ ನೆಲ ಎತ್ತರದ್ದು. ಅಲ್ಲಿಂದ ಹೊಳೆಯವರೆಗೆ ಇಳಿಜಾರಿನಲ್ಲಿ ಇರುವುದು ಸ್ನಾನದ ಮೆಟ್ಟಿಲು, ತಂಗುವ ಮಂಟಪ, ಅಂದರೆ ನೀರು ಬಂದರೆ ಬರಲಿ ಎಂದು ಬಿಟ್ಟ ಜಾಗ.

ಮುಂದೆ ರಥಬೀದಿ. ಮುಕ್ಕಾಲು ಕಿಲೋಮೀಟರ್ ಉದ್ದದ ಈ ಬೀದಿಯ ಕೊನೆಯಲ್ಲಿ ಒಂದೇ ಕಲ್ಲಿನ ದೊಡ್ಡ ಬಸವಣ್ಣ ವಿರೂಪಾಕ್ಷನತ್ತ ಮುಖಮಾಡಿ ಕೂತಿದ್ದಾನೆ. ಜನ ಅವನನ್ನು ಎದುರು ಬಸವಣ್ಣ ಎನ್ನುತ್ತಾರೆ. ಇಲ್ಲಿ ಹಾದಿ ಎರಡಾಗುತ್ತದೆ. ಎಡಕ್ಕೆ ಹೊಳೆಯ ಬದಿಯ ತಗ್ಗಿನ ದಾರಿ, ಚಕ್ರತೀರ್ಥ ಮತ್ತು ಕೋದಂಡರಾಮನ ಗುಡಿಗೆ. ಬಸವಣ್ಣನ ಬೆನ್ನಿಗೆ ಕಲ್ಲಿನ ಮೆಟ್ಟಿಲುಗಳ ದಾರಿ. ಅದು ಮತಂಗ ಬೆಟ್ಟದ ಭುಜ ದಾಟಿ ಅಚ್ಯುತರಾಯನ ಗುಡಿಗೆ ಇಳಿಯುತ್ತದೆ. ಎರಡೂ ಮುಂದೆ ವಿಠ್ಠಲನ ಕಡೆಗೆ ಸೇರುತ್ತವೆ. ಹೊಳೆ ಬಂದಾಗ ತಗ್ಗಿನ ದಾರಿ ಮುಚ್ಚುತ್ತದೆ, ಮೇಲಿನ ದಾರಿ ತೆರೆದೇ ಇರುತ್ತದೆ. ಇದು ಯೋಜಿಸಿ ಮಾಡಿದ್ದೋ ನಡೆಯುತ್ತ ನಡೆಯುತ್ತ ಆದದ್ದೋ, ವಿದ್ವಾಂಸರು ಚರ್ಚಿಸಿಕೊಳ್ಳಲಿ. ನಡೆಯುವವರಿಗೆ ಉಪಯೋಗವಂತೂ ಇದೆ.

ನೀರು ಇಳಿದು ನಾಲ್ಕು ದಿನವಾಗಿದ್ದರೆ ತಗ್ಗಿನ ದಾರಿಯನ್ನೇ ಹಿಡಿಯಿರಿ. ಕಂಬಗಳ ಮೇಲೆ ನೀರು ನಿಂತ ಗೆರೆ ಕಾಣುತ್ತದೆ: ಕೆಳಗೆ ಕೆಸರಿನ ಬಣ್ಣ, ಮೇಲೆ ಕಲ್ಲಿನ ಬಣ್ಣ. ಶಿಲ್ಪಗಳ ಸಂದಿಯಲ್ಲಿ ನಯವಾದ ಹೂಳು ಕೂತಿರುತ್ತದೆ. ಮಂಟಪದ ಬೋದಿಗೆಗಳಿಗೆ ಜೊಂಡು, ಹರಿದ ಬಟ್ಟೆ, ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡಿರುತ್ತವೆ. ಜೊಂಡು ಹೊಳೆಯದು. ಉಳಿದದ್ದು ಯಾರದೆಂದು ಬಿಡಿಸಿ ಹೇಳಬೇಕಿಲ್ಲ. ಪಾಚಿ ಕಟ್ಟಿದ ಬಂಡೆಯ ಮೇಲೆ ಚಪ್ಪಲಿ ಜಾರುತ್ತದೆ, ಎಚ್ಚರ. ದಡದ ಹಾಸುಬಂಡೆಯಲ್ಲಿ ಸಾಲುಸಾಲಾಗಿ ಕೆತ್ತಿದ ಕೋಟಿಲಿಂಗಗಳಿವೆ. ಹೊಳೆ ಬಂದಾಗಲೆಲ್ಲ ಅವು ಮುಳುಗುತ್ತವೆ. ಭಕ್ತರಿಗೆ ಅದು ಹಾನಿಯೇ ಅಲ್ಲ, ಅಭಿಷೇಕ.

ಮುಳುಗಿದರೂ ಉಳಿಯುವುದು ಹೇಗೆ

ಪುರಂದರ ಮಂಟಪದ ಹತ್ತಿರ ಬಂದಾಗ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ: ಇಷ್ಟು ನೀರಿಗೆ ಇದು ಕೊಚ್ಚಿಹೋಗಲಿಲ್ಲವೆ?

ಮಂಟಪವನ್ನು ನೋಡಿದರೆ ಉತ್ತರ ಅದರಲ್ಲೇ ಇದೆ. ಗೋಡೆಗಳಿಲ್ಲ. ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಹಾಸುಗಲ್ಲು. ನಾಲ್ಕು ಕಡೆಯೂ ತೆರೆದದ್ದರಿಂದ ನೀರು ಎದುರಿಸುವುದಿಲ್ಲ, ಹಾದುಹೋಗುತ್ತದೆ. ಗೋಡೆ ಇದ್ದಿದ್ದರೆ ಹೊಳೆಯ ತಳ್ಳು ಪೂರ್ತಿ ಗೋಡೆಯ ಮೇಲೆ ಬೀಳುತ್ತಿತ್ತು. ಎರಡನೆಯದಾಗಿ, ಕಲ್ಲುಗಳನ್ನು ಹಿಡಿದಿರುವುದು ಅವುಗಳ ತೂಕ. ಮಣ್ಣು, ಗಾರೆಗಳ ಅಂಟಿನಲ್ಲಿ ನಿಂತದ್ದಾದರೆ ನೀರು ಅದನ್ನು ಕರಗಿಸಿ ಎಳೆಯುತ್ತಿತ್ತು. ಇಲ್ಲಿ ಕರಗಿಸುವುದಕ್ಕೆ ಏನೂ ಇಲ್ಲ. ಮೂರನೆಯದು ಬುಡ. ಈ ಸೀಮೆಯ ಗ್ರಾನೈಟ್ ಬಂಡೆ ಹೊಳೆಯ ದಡದಲ್ಲಿ ಮೇಲಕ್ಕೇ ಇದೆ. ಬಂಡೆಯ ಮೇಲೆ ನಿಂತದ್ದರ ಬುಡವನ್ನು ನೀರು ಕೊರೆಯಲಾರದು.

ಪಕ್ಕದಲ್ಲೇ ಇನ್ನೊಂದು ಸಾಕ್ಷಿ ನಿಂತಿದೆ. ಹೊಳೆಯ ನಡುವೆ ಜೋಡಿಜೋಡಿಯಾಗಿ ಎದ್ದ ಕಲ್ಲುಕಂಬಗಳ ಸಾಲು. ಅದು ವಿಜಯನಗರ ಕಾಲದ ಸೇತುವೆಯ ಅಸ್ಥಿ. ಮೇಲಿನ ಹಾಸು ಯಾವಾಗಲೋ ಹೋಗಿದೆ. ಕಂಬಗಳಲ್ಲಿ ಬಹಳಷ್ಟು ಇನ್ನೂ ನಿಂತಿವೆ. ಇದೇ ಹೊಳೆಗೆ ನಮ್ಮ ಕಾಲದಲ್ಲೂ ಒಂದು ಸೇತುವೆ ಕಟ್ಟಹೊರಟರು. ಆನೆಗೊಂದಿಗೆ ಹೋಗುವ ಆ ತೂಗುಸೇತುವೆಯ ಕಾಮಗಾರಿಯಿಂದಾಗಿ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ನೆಲೆಗಳ ಪಟ್ಟಿಗೆ ಹಾಕಿತು, ಹೊರತೆಗೆದದ್ದು 2006ರಲ್ಲಿ. 2009ರ ಜನವರಿ 22ರಂದು, ಮುಗಿಯುವ ಮೊದಲೇ, ಸೇತುವೆ ಕುಸಿದು ಎಂಟು ಮಂದಿ ಕೆಲಸಗಾರರು ಸತ್ತರು. ಜನವರಿಯಲ್ಲಿ ಹೊಳೆಯಲ್ಲಿ ಪ್ರವಾಹವೇನೂ ಇರಲಿಲ್ಲ.

ಹಳಬರು ಕಟ್ಟಿದ್ದೆಲ್ಲ ಶಾಶ್ವತ, ನಾವು ಕಟ್ಟಿದ್ದೆಲ್ಲ ಕಳಪೆ ಎಂಬ ಸುಲಭದ ತೀರ್ಮಾನಕ್ಕೆ ಮಾತ್ರ ಬರಬಾರದು. ರಥಬೀದಿಯಲ್ಲೇ ಅದಕ್ಕೆ ಉತ್ತರವಿದೆ. 2024ರ ಮೇ 21ರಂದು, ಹೊಳೆ ಬರುವುದಕ್ಕೆ ಎರಡೂವರೆ ತಿಂಗಳ ಮೊದಲು, ಜೋರು ಮಳೆಗೆ ವಿರೂಪಾಕ್ಷನ ಎದುರಿನ ಸಾಲು ಮಂಟಪದ ಒಂದು ಭಾಗ ಕುಸಿದುಬಿತ್ತು. ಸಾವಿರಾರು ಟ್ಯಾಂಕರ್ ನೀರಿನ ಹೊಡೆತ ತಿನ್ನುವ ಮಂಟಪ ನಿಂತಿದೆ, ಬರಿಯ ಮಳೆಗೆ ನೆನೆದ ಮಂಟಪ ಬಿತ್ತು. ಇದೆಂಥ ನ್ಯಾಯ?

ಮಳೆ ಮತ್ತು ಹೊಳೆ ಬೇರೆ ಬೇರೆ ರೀತಿಯ ಶತ್ರುಗಳು. ಹೊಳೆ ಬದಿಯಿಂದ ಬರುತ್ತದೆ, ಒಂದು ವಾರ ತಳ್ಳಿ ಹೋಗುತ್ತದೆ. ಮಳೆ ಮೇಲಿನಿಂದ ಬರುತ್ತದೆ, ಸಂದಿಗಳಲ್ಲಿ ಇಳಿಯುತ್ತದೆ, ಅಲ್ಲೇ ಉಳಿಯುತ್ತದೆ. ಕಟ್ಟಿದ ಕಾಲದಲ್ಲಿ ಹಾಸುಗಲ್ಲಿನ ಚಾವಣಿಯ ಮೇಲೆ ಇಟ್ಟಿಗೆ, ಸುಣ್ಣದ ಗಾರೆಯ ಹೊದಿಕೆ ಹಾಕುತ್ತಿದ್ದರು. ಬಿದ್ದ ನೀರು ಹರಿದು ಹೋಗಲೆಂದು. ಆ ಹೊದಿಕೆ ಸವೆದರೆ ನೀರು ಕಲ್ಲುಗಳ ನಡುವೆ ಜಿನುಗುತ್ತದೆ. ಹಕ್ಕಿ ಹಾಕಿದ ಅರಳಿಯ ಬೀಜ ಅಲ್ಲಿ ಮೊಳೆಯುತ್ತದೆ, ಬೇರು ಕಲ್ಲನ್ನು ಕೂದಲೆಳೆಯಷ್ಟು ಸರಿಸುತ್ತದೆ. ಬುಡದ ಕೆಳಗೆ ಬಂಡೆಯ ಬದಲು ಮಣ್ಣಿದ್ದು ಅದು ನೆನೆದು ಮೆತ್ತಗಾದರೆ ಕಂಬ ಒಂದು ಬೆರಳಷ್ಟು ವಾಲುತ್ತದೆ. ತೂಕದಲ್ಲೇ ನಿಂತ ಕಟ್ಟಡಕ್ಕೆ ಅಷ್ಟು ಸಾಕು. ನಿಲ್ಲಿಸಿದ್ದ ತೂಕವೇ ಆಗ ಬೀಳಿಸುತ್ತದೆ. ಇದಕ್ಕೆ ಬೇಕಾದ ಆರೈಕೆ ಚಿಕ್ಕಪುಟ್ಟದು: ಪ್ರತಿ ವರ್ಷ ಗಿಡ ಕೀಳುವುದು, ಸಂದಿ ತುಂಬುವುದು, ನೀರು ಹರಿಯುವ ದಾರಿ ಬಿಡಿಸುವುದು. ಅದನ್ನು ನೂರಾರು ಮಂಟಪಗಳಿಗೆ ತಪ್ಪದೆ ಮಾಡಬೇಕು ಎಂಬಲ್ಲಿ ಕಷ್ಟ ಇರುವುದು. ಚಿತ್ರ ತೆಗೆಸಿಕೊಳ್ಳುವಂಥ ಕೆಲಸವಲ್ಲ, ಉದ್ಘಾಟನೆಯೂ ಇಲ್ಲ.

ಮನುಷ್ಯನ ಕೈಯ ಹಾನಿಯಂತೂ ಬೇರೆಯೇ. 2019ರ ಫೆಬ್ರುವರಿಯಲ್ಲಿ ಆನೆಸಾಲಿನ ಹಿಂಭಾಗದ ವಿಷ್ಣು ಗುಡಿಯ ಕಂಬಗಳನ್ನು ಕೆಲವು ತರುಣರು ಆಟಕ್ಕೆಂಬಂತೆ ತಳ್ಳಿ ಉರುಳಿಸಿದ ದೃಶ್ಯವನ್ನು ನಾಡೆಲ್ಲ ನೋಡಿತು. ಹೊಸಪೇಟೆಯ ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿತು; ಬೀಳಿಸಿದ ಕಂಬಗಳನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ಅದೇ ವರ್ಷದ ಜುಲೈಯಲ್ಲಿ ನಿಧಿಗಳ್ಳರು ಆನೆಗೊಂದಿಯ ನವಬೃಂದಾವನದ ಗಡ್ಡೆಗೆ ಹೋಗಿ ವ್ಯಾಸರಾಯರ ಬೃಂದಾವನವನ್ನು ಒಡೆದು ಅಗೆದರು. ವ್ಯಾಸರಾಯರು ತೀರಿಕೊಂಡದ್ದು 1539ರಲ್ಲಿ. ಅಂದಿನಿಂದ ಎಷ್ಟು ಹೊಳೆಗಳು ಆ ಗಡ್ಡೆಯ ಮೇಲೆ ಹಾದುಹೋಗಿವೆಯೋ ಲೆಕ್ಕವಿಲ್ಲ. ಅವು ಮಾಡದ್ದನ್ನು ಒಂದು ರಾತ್ರಿಯಲ್ಲಿ ಮಾಡಿದರು. ಭಕ್ತರು ಸೇರಿ ಎರಡೇ ದಿನದಲ್ಲಿ ಬೃಂದಾವನವನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ತಿಂಗಳು ತುಂಬುವುದರೊಳಗೆ ಆಗಸ್ಟಿನ ಹೊಳೆ ಬಂತು.

ವ್ಯಾಸರಾಯರ ಹೆಸರು ಬಂದದ್ದರಿಂದ ಒಂದು ಮಾತು. ಹಂಪಿಯಲ್ಲಿ ಕೋದಂಡರಾಮನ ಗುಡಿಯ ಮೇಲ್ಗಡೆ ಅವರು ಪ್ರತಿಷ್ಠಾಪಿಸಿದರೆನ್ನುವ ಯಂತ್ರೋದ್ಧಾರಕ ಆಂಜನೇಯನಿದ್ದಾನೆ. ನಮ್ಮ ಮೈಸೂರು ರಸ್ತೆಯ ಗಾಳಿ ಆಂಜನೇಯನೂ ಅವರದೇ ಪ್ರತಿಷ್ಠೆ ಎಂಬುದು ನಂಬಿಕೆ. ಎರಡೂ ಗುಡಿಗಳಿಗೆ ಹೊಳೆಯ ನೆರೆ ಇದೆ. ಹಂಪಿಯ ಆಂಜನೇಯ ಬಂಡೆಯ ಮೇಲೆ ಎತ್ತರದಲ್ಲಿ ಕೂತಿದ್ದಾನೆ. ತುಂಗಭದ್ರೆ ಎಷ್ಟೇ ಉಕ್ಕಿದರೂ ಅವನಿಗೆ ಆತಂಕವಿಲ್ಲ. ಗಾಳಿ ಆಂಜನೇಯನ ಪಕ್ಕದ್ದು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿ ಕೆಂಗೇರಿಯ ಕಡೆಗೆ ಹರಿಯುವ ಆ ಹೊಳೆಯನ್ನು ನಾವು ಮೋರಿ ಮಾಡಿದ್ದೇವೆ, ಎರಡು ಬದಿಗೂ ಗೋಡೆ ಕಟ್ಟಿದ್ದೇವೆ, ರಸ್ತೆಯನ್ನು ಏರಿಸಿದ್ದೇವೆ. ಈಗ ಜೋರು ಮಳೆ ಬಂದರೆ ಗುಡಿಯೊಳಕ್ಕೆ ನೀರು ನುಗ್ಗಿದ ಸುದ್ದಿ ಓದುತ್ತೇವೆ. ನದಿಗೆ ಹಂಪಿಯವರು ಬಿಟ್ಟಷ್ಟು ಜಾಗವನ್ನು ನಾವು ಬಿಡಲಿಲ್ಲ.

ಜಾಗ ಬಿಟ್ಟದ್ದಷ್ಟೇ ಅಲ್ಲ, ನೀರನ್ನು ಊರೊಳಕ್ಕೆ ಕರೆದುಕೊಂಡೂ ಬಂದರು. ಅಚ್ಯುತರಾಯನ ಗುಡಿ ನೋಡಿದ ಮೇಲೆ (ಅದರ ಕಾಲ 1534, ಕಟ್ಟಿಸಿದವನು ಅಚ್ಯುತದೇವರಾಯನ ಭಾವಮೈದ ಹಿರಿಯ ತಿರುಮಲರಾಜ) ಬಿಸಿಲಿದ್ದರೂ ಹಿಂದಕ್ಕೆ ಬಂದು ಉಗ್ರನರಸಿಂಹನ ಪಕ್ಕದ ಬಡವಿಲಿಂಗವನ್ನು ನೋಡಬೇಕು. ದೊಡ್ಡ ಲಿಂಗ, ಅದರ ಬುಡದಲ್ಲಿ ಸದಾ ನೀರು. ಕಾಲುವೆಯ ನೀರು ಗುಡಿಯೊಳಗೇ ಹಾಯುವಂತೆ ಮಾಡಿದ್ದಾರೆ. ಅರಮನೆಯ ಕಡೆಗೆ ಹೋಗುವ ದಾರಿಯಲ್ಲಿ ನೆಲಮಟ್ಟಕ್ಕಿಂತ ಕೆಳಗಿರುವ ಶಿವಾಲಯ ಒಂದಿದೆ. ಅಲ್ಲೂ ಪಾದ ಮುಳುಗುವಷ್ಟು ನೀರು ಅನೇಕ ದಿನ ಇರುತ್ತದೆ, ಮಳೆ ಹೆಚ್ಚಾದರೆ ಮೊಣಕಾಲು ಮೀರುತ್ತದೆ. ಹೊಳೆಯಿಂದ ಅಂದು ಎಳೆದು ತಂದ ತುರ್ತು ಕಾಲುವೆ ಇಂದಿಗೂ ಹರಿಯುತ್ತಿದೆ. ಹಂಪಿಯ ಬಾಳೆತೋಟಗಳು ಹಸಿರಾಗಿರುವುದು ಅದರಿಂದ. ಊರು 1565ರ ಕದನದ ನಂತರ ಪಾಳುಬಿದ್ದರೂ ಕಾಲುವೆ ಪಾಳುಬೀಳಲಿಲ್ಲ. ಅರಸರು ಹೋದ ಮೇಲೂ ರೈತರಿಗೆ ಅದು ಬೇಕಿತ್ತು, ಅವರು ಹೂಳು ತೆಗೆದುಕೊಂಡು ಬಂದರು.

ಯಾರ ಹೊಟ್ಟೆಯ ಮೇಲೆ ನೀರು

ಕಲ್ಲಿನ ಮಾತು ಸಾಕು. ಹೊಳೆ ಬಂದಾಗ ನಿಜವಾಗಿ ಕೆಡುವುದು ಬದುಕು. ದಂಡೆಯ ಬಾಳೆಯ ಗಿಡಗಳು ಮಲಗುತ್ತವೆ. ಗದ್ದೆಯಲ್ಲಿ ಆಗಷ್ಟೇ ನೆಟ್ಟ ಭತ್ತದ ಸಸಿ ಹೂಳಿನಡಿ ಸೇರುತ್ತದೆ. ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ನೀರು ಹರಿದರೆ ಈ ದಡದವರು ಆ ದಡಕ್ಕೆ ಹೋಗಲು ದೊಡ್ಡ ಸುತ್ತು ಹಾಕಬೇಕು. ಹಂಪಿಯೊಳಗೆ ಮೊದಲು ನಿಲ್ಲುವುದು ಹರಿಗೋಲು.

ಹರಿಗೋಲಿನ ಚರಿತ್ರೆ ಗುಡಿಗಳ ಚರಿತ್ರೆಯಷ್ಟೇ ಹಳೆಯದು. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ಗುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ ಹಿಡಿಯುತ್ತಿದ್ದರಂತೆ. ದೋಣಿ ನೇರ ಹೋಗದೆ ಗಿರಗಿರ ತಿರುಗುವುದನ್ನು ಕಂಡು ಅವನಿಗೂ ಸೋಜಿಗ. ಐನೂರು ವರ್ಷದಲ್ಲಿ ಆದ ಬದಲಾವಣೆ ಎಂದರೆ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದದ್ದು. ಬಿದಿರಿನ ಹೆಣಿಗೆ ಅದೇ, ತಿರುಗುವುದೂ ಅದೇ. ನೀರು ಏರಿದೊಡನೆ ಹಳ್ಳಿಗಳಲ್ಲಿ ಡಂಗುರ ಹೊಡೆಸಿ ಹರಿಗೋಲು ಇಳಿಸದಂತೆ ತಾಕೀತು ಮಾಡುತ್ತಾರೆ. ತಾಕೀತು ಸರಿಯೇ, ಆ ಸೆಳವಿಗೆ ಸಿಕ್ಕ ಬುಟ್ಟಿ ಬಂಡೆಗೆ ಬಡಿಯುವುದು ಖಂಡಿತ. ಆದರೆ ಹುಟ್ಟು ಹಾಕಿದ ದಿನ ಮಾತ್ರ ಉಣ್ಣುವ ಮನೆಗೆ ಅದು ಕೂಲಿ ಇಲ್ಲದ ದಿನವೂ ಹೌದು. ಹೊಳೆ ಒಂದು ವಾರದಲ್ಲಿ ಇಳಿಯುತ್ತದೆ. ಪತ್ರಿಕೆಯ ಚಿತ್ರ ನೋಡಿ ಹೆದರಿದ ಪ್ರವಾಸಿ ಬರುವುದಕ್ಕೆ ಒಂದು ತಿಂಗಳು. ಹರಿಗೋಲಿನವರು, ದಾರಿ ತೋರುವ ಗೈಡುಗಳು, ಎಳನೀರು ಮಾರುವವರು, ಸೈಕಲ್ ಬಾಡಿಗೆ ಕೊಡುವವರು ಕಳೆದುಕೊಳ್ಳುವುದು ಈ ಎರಡನೆಯ ಲೆಕ್ಕದಲ್ಲಿ ಹೆಚ್ಚು.

ಈ ಜನ ಹೊಳೆಯಿಂದ ಮಾತ್ರ ಏಟು ತಿಂದವರೂ ಅಲ್ಲ. ರಥಬೀದಿಯ ಸಾಲು ಮಂಟಪಗಳಲ್ಲಿ ಒಂದು ಕಾಲಕ್ಕೆ ಅಂಗಡಿ, ಖಾನಾವಳಿ, ಮನೆಗಳು ಇದ್ದವು. ಸ್ಮಾರಕಗಳ ರಕ್ಷಣೆಗೆಂದು 2011ರ ಜುಲೈ ಕೊನೆಯಲ್ಲಿ ಅವನ್ನು ತೆರವು ಮಾಡಿದರು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಡಬೇಕಾಯಿತು. ಕಡ್ಡಿರಾಂಪುರದ ಬಳಿ ನಿವೇಶನ ಎಂದಾಯಿತು. ಮಂಟಪದೊಳಗೆ ಸಿಮೆಂಟ್ ಗೋಡೆ ಕಟ್ಟಿ ಒಲೆ ಹಚ್ಚಿದ್ದು ಸರಿಯಲ್ಲ, ಒಪ್ಪತಕ್ಕ ಮಾತು. ಆದರೆ ಜನ ಇದ್ದ ಮಂಟಪದ ಚಾವಣಿ ಸೋರಿದರೆ ಅಂದೇ ಗೊತ್ತಾಗುತ್ತಿತ್ತು. ಬಿದ್ದ ಸಾಲು ಮಂಟಪದ ಎದುರು ನಿಂತಾಗ ಈ ಯೋಚನೆ ಬಾರದಿರುವುದಿಲ್ಲ. ಜನರನ್ನು ಪೂರ್ತಿ ಹೊರಗಿಡದೆ, ಕಲ್ಲಿಗೂ ಕೇಡಾಗದೆ ಇರುವ ಮಧ್ಯದ ದಾರಿ ಯಾವುದು ಎಂಬ ಪ್ರಶ್ನೆಯನ್ನು ಹಂಪಿ ಇನ್ನೂ ಬಿಡಿಸಿಕೊಂಡಿಲ್ಲ.

ನೊಂದ ಊರಿಗೆ ನೋಡಲು ಹೋಗುವುದು ತಪ್ಪೇ ಎಂದು ಕೇಳುವವರಿದ್ದಾರೆ. ಇದು ಹಂಪಿಯ ಪ್ರಶ್ನೆ ಮಾತ್ರವಲ್ಲ. 2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಐದರಲ್ಲಿ ನಾಲ್ಕು ಪಾಲು ಮುಳುಗಿತು. ಅಲ್ಲೂ ಹಳಬರು ಮೊದಲು ಕಟ್ಟಿದ ಪೇಟೆ ಇದ್ದದ್ದು ಎತ್ತರದ ನೆಲದಲ್ಲಿ. ಅದು ಬಹುಮಟ್ಟಿಗೆ ಉಳಿಯಿತು. ಕೆಲವೇ ತಿಂಗಳಲ್ಲಿ ಆ ಪೇಟೆಯ ಬೀದಿಗಳಲ್ಲಿ ಪ್ರವಾಸಿಗರು ಮತ್ತೆ ನಡೆದಾಡಿದರು; ಊರಿನವರೇ ಅವರನ್ನು ಕರೆದಿದ್ದರು, ಊರಿನ ಅನ್ನ ಅದರಲ್ಲಿತ್ತು. ಅದೇ ಜನ, ಮನೆ ಕಳೆದುಕೊಂಡವರ ಕೇರಿಗಳಿಗೆ ಬಸ್ಸುಗಳಲ್ಲಿ ಬಂದು ಕಿಟಕಿಯಿಂದ ಫೋಟೊ ಹೊಡೆಯುವವರನ್ನು ವಿರೋಧಿಸಿದರು. ಎರಡಕ್ಕೂ ನಡುವೆ ಇರುವ ವ್ಯತ್ಯಾಸ ಹಂಪಿಗೂ ಹೊಂದುತ್ತದೆ. ಇಳಿದು ನಡೆದು, ನಾಲ್ಕು ಮಾತಾಡಿ, ಅಲ್ಲೇ ಉಂಡು, ಹರಿಗೋಲಿನವನಿಗೆ ಕೊಡಬೇಕಾದ್ದನ್ನು ಚೌಕಾಸಿ ಇಲ್ಲದೆ ಕೊಟ್ಟು ಬರುವವರು ಒಂದು ಬಗೆ. ನೀರಿನ ಎದುರು ಬೆನ್ನುಮಾಡಿ ಚಿತ್ರ ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೊರಡುವವರು ಇನ್ನೊಂದು ಬಗೆ.

ಇಟಲಿಯ ಫ್ಲಾರೆನ್ಸ್ ನಗರದಿಂದ ಒಂದು ವಿಷಯವನ್ನು ಎರವಲು ತರಬಹುದು. ಅಲ್ಲಿ 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿದಾಗ ನೀರು ಎಲ್ಲಿಯವರೆಗೆ ಬಂದಿತ್ತೆಂದು ಬೀದಿಗಳ ಗೋಡೆಯಲ್ಲಿ ಪುಟ್ಟ ಫಲಕಗಳನ್ನು ಕೂರಿಸಿದ್ದಾರೆ. ನಡೆಯುವವರು ತಲೆಯೆತ್ತಿ ನೋಡಿ ಬೆಚ್ಚುತ್ತಾರೆ. ಹಂಪಿಯ ಸ್ಮಾರಕಗಳ ಮೇಲೆ ಮೊಳೆ ಹೊಡೆಯುವುದಂತೂ ಕೂಡದು. ಪುರಂದರ ಮಂಟಪದ ದಾರಿಯ ಬದಿಗೆ ಒಂದು ಬಿಡಿ ಕಲ್ಲು ನೆಟ್ಟು 2009, 2019, 2024ರ ಗೆರೆ ಎಳೆದರೆ ಸಾಕು. ಹೊಳೆ ಇಳಿದ ಎರಡು ತಿಂಗಳಿಗೆ ಬಂದವರಿಗೂ ಅದು ಎಷ್ಟು ಏರಿತ್ತೆಂದು ತಿಳಿಯುತ್ತದೆ.

ಹೋಗುವುದು ಯಾವಾಗ? ಗೇಟು ತೆರೆದಿರುವ ದಿನಗಳಲ್ಲಿ ದಂಡೆಗೆ ಇಳಿಯುವ ಸಾಹಸ ಬೇಡ. ಆಗ ಮತಂಗ ಬೆಟ್ಟದ ಮೇಲಿನಿಂದ ಹೊಳೆಯನ್ನು ನೋಡಿ. ದಡದ ಬಂಡೆಗಳೆಲ್ಲ ಮುಳುಗಿ ನದಿ ತನ್ನ ನಿಜವಾದ ಅಗಲದಲ್ಲಿ ಕಾಣುವುದು ಆ ಕೆಲವು ದಿನ ಮಾತ್ರ. ನೀರು ತಗ್ಗಿದ ಒಂದು ವಾರಕ್ಕೆ ಚಕ್ರತೀರ್ಥದ ದಾರಿ ಬಿಡಿಸಿಕೊಳ್ಳುತ್ತದೆ. ಕೆಸರು ಒಣಗಲು ಇನ್ನೊಂದು ವಾರ. ಸೆಪ್ಟೆಂಬರ್ ಹೊತ್ತಿಗೆ ಬೆಟ್ಟದ ಸಂದಿಗಳಲ್ಲಿ ಹುಲ್ಲು ಹಸಿರಾಗಿ, ಬಿಸಿಲು ಸ್ವಲ್ಪ ಮೆತ್ತಗಿರುತ್ತದೆ. ರಜಾದಿನಗಳ ಗದ್ದಲ ಇನ್ನೂ ಆರಂಭವಾಗಿರುವುದಿಲ್ಲ. ವಿಠ್ಠಲ ದಾಟಿ ತಳಾರಿಘಟ್ಟದವರೆಗೆ ನಡೆದರೆ ಎದುರು ದಡದಲ್ಲಿ ಆನೆಗೊಂದಿ ಕಾಣುತ್ತದೆ. ಹೊಳೆ ಬಂದಾಗ ನವಬೃಂದಾವನಕ್ಕೆ ಹೋಗಲಾಗದೆ ಯತಿಗಳ ಆರಾಧನೆ ದಡದ ಆನೆಗೊಂದಿಯಲ್ಲೇ ನಡೆಯುವುದುಂಟು. ಗಡ್ಡೆಗೆ ದೋಣಿ ಮತ್ತೆ ಹೊರಟಿತೆಂದರೆ ಹೊಳೆ ಇಳಿಯಿತೆಂದು ಅರ್ಥ. ದಡದಲ್ಲಿ ಬೋರಲು ಹಾಕಿದ್ದ ಹರಿಗೋಲುಗಳಿಗೆ ಆ ದಿನಗಳಲ್ಲಿ ಹೊಸ ಡಾಂಬರು ಬಳಿದಿರುತ್ತಾರೆ. ಅದು ಒಣಗಿದೆಯೇ ಎಂದು ಕೇಳಿ ಹತ್ತಿ, ಬಟ್ಟೆಗೆ ಅಂಟಿದರೆ ಹೋಗುವುದಿಲ್ಲ.